ಮೌಮಿಯಿಂದ ವಾಲ್ಟ್

ಸೆಪ್ಟೆಂಬರ್ 9, ಮಂಗಳವಾರ

ಪರದೆ ಏಳಲಿ! ದೀಪ ಬೆಳಗಲಿ! ವಾರದ ಬಾಡಿಗೆಗೆ ಹಿಡಿದ ಹೋಟೆಲಿನ ಕೋಣೆ. ಕಿಟಕಿಯಾಚೆ ಹೆದ್ದಾರಿ. ಗೋಡೆಯ ಮೇಲೆ ಯಾರೂ ಕದಿಯದಂತೆ ಸ್ಕ್ರೂ ಬಿಗಿದ ಹಾಯಿದೋಣಿಯ ಚಿತ್ರ. ಒಂದು ತಟ್ಟೆ, ಒಂದು ಚಮಚ. ರಂಗದ ಮೇಲೆ ಏಕಮಾತ್ರ ಪಾತ್ರಧಾರಿ: ಎಮ್ಮೆಟ್ ಡೊಲನ್, ಪ್ರಾಯ ಮೂವತ್ತನಾಲ್ಕು, ಟೊಲೀಡೊ ಪೈಲಟ್ಸ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್! ಚಪ್ಪಾಳೆ ಬೇಡ ಮಹಾಜನರೇ, ಕೂತುಕೊಳ್ಳಿ, ಪೂರ್ತಿ ಕೇಳಿ.

ಹೆಲ್ಮೆಟ್ ತೊಟ್ಟ ದೈತ್ಯರು ಸಾಲುಗಟ್ಟಿ ಬಾಗಿ ನಿಂತಾಗ ಅವರ ಬೆನ್ನ ಹಿಂದೆ ನಿಂತು, ಆಜ್ಞೆ ಕೂಗಿ, ಆ ಉದ್ದ ಚೆಂಡನ್ನು ಕೈಗೆ ತೆಗೆದುಕೊಂಡು, ಎಸೆಯಬೇಕೋ ಓಡುವವನ ಕೈಗಿಡಬೇಕೋ ಎಂದು ರೆಪ್ಪೆ ಬಡಿಯುವುದರೊಳಗೆ ತೀರ್ಮಾನಿಸುವ ಧೀರನೇ ಕ್ವಾರ್ಟರ್‌ಬ್ಯಾಕ್. ನಮ್ಮ ತಂಡದಲ್ಲಿ ಆ ಧೀರ ನಾನಲ್ಲ, ಜಾವೆನ್ ಪ್ರಿಡ್‌ಮೋರ್. ಇಪ್ಪತ್ತೈದು ವರ್ಷದ ಸಿಂಹದ ಮರಿ. ಅವನು ಬಿದ್ದರೆ ಎದ್ದು ಹೋಗಬೇಕಾದವನು ನಾನು. ಅವನು ಬೀಳುವುದಿಲ್ಲ.

ಹಾಗಾದರೆ ನನಗೇಕೆ ಸಂಬಳ? ಬುಧವಾರದಿಂದ ಶುಕ್ರವಾರದವರೆಗೆ ನಾನು ವೇಷ ಹಾಕುತ್ತೇನೆ. ಮುಂದಿನ ಭಾನುವಾರದ ಎದುರಾಳಿ ಕ್ವಾರ್ಟರ್‌ಬ್ಯಾಕ್ ಯಾರೋ ಅವನಾಗುತ್ತೇನೆ: ಅವನ ನಡಿಗೆ, ಅವನ ಕೂಗು, ಅವನ ಭುಜದ ಕೊಂಕು. ಎದುರಾಳಿಯನ್ನು ತಡೆಯುವ ನಮ್ಮ ಕಾವಲುಗಾರರು ನನ್ನನ್ನು ಕೆಡವಿ ಅಭ್ಯಾಸ ಮಾಡುತ್ತಾರೆ. ಅಯೋವಾದ ಬಯಲಿನಲ್ಲಿ ಡೇರೆ ಹಾಕಿ ಊರೂರು ತಿರುಗಿದ ಡೊಲನ್ ನಾಟಕ ಕಂಪನಿಯ ಕೊನೆಯ ಕುಡಿ ನಾನು. ಅಪ್ಪ ಅಲ್ಲಿ ರಾಜ, ಖಳನಾಯಕ, ಹಣ್ಣು ಹಣ್ಣು ಮುದುಕ, ಎಲ್ಲವೂ ಒಂದೇ ರಾತ್ರಿ. ಅವನ ಮಗನಿಗೆ ಇದು ಯಾವ ಲೆಕ್ಕ!

ಆದರೆ ನನ್ನ ಕರಾರು ಎಂಥದ್ದೆಂದರೆ ಯಾವ ಮಂಗಳವಾರ ಬೇಕಾದರೂ ಮನೆಗೆ ಕಳಿಸಬಹುದು. ಆಫೀಸಿನ ಹುಡುಗನೊಬ್ಬ ಬಂದು ಭುಜ ಮುಟ್ಟಿ, "ಕೋಚ್ ಕರೀತಿದಾರೆ, ಟ್ಯಾಬ್ಲೆಟ್ ತಗೊಂಡ್ ಬಾ," ಎನ್ನುತ್ತಾನೆ. ಆ ಟ್ಯಾಬ್ಲೆಟ್‌ನಲ್ಲಿ ತಂಡದ ಗುಟ್ಟಿನ ಆಟದ ನಕ್ಷೆಗಳೆಲ್ಲ ಇರುತ್ತವೆ. ಅದನ್ನು ವಾಪಸ್ ಕೇಳಿದರೆ ಮುಗಿಯಿತು, ನಿಷ್ಕ್ರಮಣ. ಇಂದು ಮಂಗಳವಾರ. ಯಾರೂ ಭುಜ ಮುಟ್ಟಲಿಲ್ಲ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಯಾರೂ ಮುಟ್ಟಲಿಲ್ಲ.

ಸೆಪ್ಟೆಂಬರ್ 24, ಬುಧವಾರ

ಇಂದು ಎಡಗೈ ಎಸೆತಗಾರನ ವೇಷ. ಹೌದು, ಎಡಗೈಯಲ್ಲೇ ಎಸೆದೆ! ಕಾವಲುಗಾರರು ಬಿದ್ದು ಬಿದ್ದು ನಕ್ಕರು, ಆಮೇಲೆ ನನ್ನನ್ನು ಬೀಳಿಸಿ ಬೀಳಿಸಿ ನಕ್ಕರು. ಅಭ್ಯಾಸ ಮುಗಿದ ಮೇಲೆ ಜಾವೆನ್ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಇಡೀ ತಂಡದಲ್ಲಿ ನನ್ನೊಡನೆ ಹೀಗೆ ಕೂರುವವನು ಅವನೊಬ್ಬನೇ.

"ಮುದ್ಕಪ್ಪಾ, ನನ್ನನ್ನೂ ಮಾಡಕ್ಕೆ ಬರುತ್ತಾ ನಿಂಗೆ?"

"ನಿನ್ನ ಎದುರು ನಾವು ಆಡಿದ್ರೆ ತಾನೆ ಮಾಡೋದು?"

"ಅದಲ್ಲ. ನೀನು ಎಲ್ಲರನ್ನೂ ಬಿಚ್ಚಿ ನೋಡ್ತೀಯ. ನನ್ನಲ್ಲೂ ಏನೋ ಒಂದು ಇರುತ್ತೆ. ಕಂಡ್ರೆ ಮೊದ್ಲು ನಂಗೆ ಹೇಳು, ಆಯ್ತಾ? ಈ ವರ್ಷ ನಂಗೆ ತಪ್ಪೋ ಹಂಗಿಲ್ಲ."

ತಪ್ಪುವ ಹಾಗಿಲ್ಲ, ನಿಜ. ಅವನ ಕರಾರಿನ ಕೊನೆಯ ವರ್ಷ ಇದು. ಮಾಲೀಕರು ಹೊಸ ಕರಾರಿನ ಆಸೆ ತೋರಿಸಿ ಕೈ ಹಿಂದೆ ಕಟ್ಟಿಕೊಂಡಿದ್ದಾರೆ. ಚೆನ್ನಾಗಿ ಆಡಿದರೆ ಮೊಮ್ಮಕ್ಕಳ ಕಾಲಕ್ಕೂ ಸಾಕಾಗುವಷ್ಟು; ಎಡವಿದರೆ, ಮಂಡಿ ಮುರಿದರೆ, ಏನೂ ಇಲ್ಲ. ಅವನನ್ನು ಸಾಕಿದ ಅಜ್ಜಿಗೆ ಇನ್ನೂ ಬಾಡಿಗೆ ಮನೆ.

"ಹೇಳ್ತೀನಿ," ಎಂದೆ. ಕೈಮೇಲೆ ಕೈಯಿಟ್ಟು ಹೇಳಿದೆ.

ಸಂಜೆ ಕಾರಿನಲ್ಲಿ ರೇಡಿಯೋ. ಗಸ್ ಪಪ್ಪಲಾರ್ಡೊನ ಕಾರ್ಯಕ್ರಮ. ಮೂರರಿಂದ ಏಳರವರೆಗೆ ಈ ಊರಿಗೆ ಬೇರೆ ಕೆಲಸವಿಲ್ಲ: ಪ್ರಿಡ್‌ಮೋರ್‌ಗೆ ಅಷ್ಟು ದುಡ್ಡು ಕೊಡಬೇಕೇ, ಬೇಡವೇ! ಪ್ಲಂಬರ್ ಕೊಡಬೇಡಿ ಎನ್ನುತ್ತಾನೆ, ಹಲ್ಲಿನ ಡಾಕ್ಟರು ಕೊಡಿ ಎನ್ನುತ್ತಾನೆ, ಗಸ್ ಇಬ್ಬರಿಗೂ ಬಯ್ಯುತ್ತಾನೆ. ಹೋಟೆಲ್ ತಲುಪಿದ ಮೇಲೂ ಕಾರಿನಿಂದ ಇಳಿಯದೆ ಕೇಳುತ್ತ ಕೂತಿದ್ದೆ.

ಅಕ್ಟೋಬರ್ 7, ಮಂಗಳವಾರ

ಆಹಾ! ಇಂದು ಒಂದು ಪ್ರವೇಶ ಆಯಿತು!

ಮಂಗಳವಾರ ಅಭ್ಯಾಸವಿಲ್ಲ; ಮೈದಾನಕ್ಕೆ ಮುಖ ತೋರಿಸಿ ಬಂದೆ, ಯಾರೂ ಭುಜ ಮುಟ್ಟಲಿಲ್ಲ. ಬೆಳಗಿನಿಂದ ಕಾಫಿ ಕೊಟ್ಟವಳಿಗೆ ಥ್ಯಾಂಕ್ಸ್ ಅಂದದ್ದು ಬಿಟ್ಟರೆ ಬಾಯಿಂದ ಮಾತು ಹೊರಟಿರಲಿಲ್ಲ. ಮಧ್ಯಾಹ್ನ ಸುಮ್ಮನೆ ಕಾರು ಓಡಿಸುತ್ತಿದ್ದೆ. ರೇಡಿಯೋದಲ್ಲಿ ಜಾವೆನ್ ಬಗ್ಗೆ ಒಬ್ಬ: "ಆ ಹುಡ್ಗನಿಗೆ ತಲೆ ಇಲ್ಲ ಗಸ್, ಬರೀ ತೋಳು. ಕಣ್ಮುಚ್ಕೊಂಡು ಎಸೀತಾನೆ." ನನಗೆ ಪಿತ್ತ ನೆತ್ತಿಗೇರಿತು. ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿ ಫೋನ್ ಹಚ್ಚಿದೆ. ಆಟಗಾರರು ಹೀಗೆ ಫೋನ್ ಮಾಡುವಂತಿಲ್ಲ, ತಂಡದ ಕಟ್ಟಪ್ಪಣೆ. ಎತ್ತಿಕೊಂಡ ಹುಡುಗಿ ಕೇಳಿದಳು: "ಹೆಸರು? ಎಲ್ಲಿಂದ?" ಎದುರಿಗೆ ಹೆದ್ದಾರಿಯ ಹಸಿರು ಫಲಕದಲ್ಲಿ ಪಕ್ಕದೂರಿನ ಹೆಸರು: ಮೌಮಿ.

"ವಾಲ್ಟ್ ಕಣಮ್ಮಾ. ಮೌಮಿಯಿಂದ."

ನಾನಲ್ಲ ಹೇಳಿದ್ದು! ಅಪ್ಪನ ಮುದುಕ, ಮೂರನೇ ಅಂಕದ ಮುದುಕ, ಗಂಟಲ ತಳದಿಂದ ಕೆಮ್ಮಿಕೊಂಡು ತಾನಾಗಿ ಎದ್ದು ಬಂದ.

"ಮೌಮಿಯಿಂದ ವಾಲ್ಟ್! ಹೇಳಿ ಯಜಮಾನ್ರೇ," ಎಂದ ಗಸ್.

"ಗಸ್, ಗಾಜಿನ ಕಾರ್ಖಾನೇಲಿ ಕುಲುಮೆ ಮುಂದೆ ಜೀವಮಾನ ಕಳ್ದೋನು ನಾನು. ಬಿಸಿ ಗಾಜು ನೋಡ್ದೋನಿಗೆ ಒಂದು ಗೊತ್ತಿರುತ್ತೆ. ಕೆಂಪಗಿದ್ದಾಗ ತಟ್ಟಿದ್ರೆ ಒಡೆಯಲ್ಲ, ಆರ್ತಾ ಇದ್ದಾಗ ತಟ್ಟಿದ್ರೆ ಒಡೆಯುತ್ತೆ. ಆ ಹುಡ್ಗ ಈಗ ಆರ್ತಾ ಇದಾನೆ. ಸ್ವಲ್ಪ ಬಾಯ್ಮುಚ್ಕೊಂಡಿರ್ರಪ್ಪಾ."

ಗಸ್ ಗಹಗಹಿಸಿದ. "ಕೇಳಿದ್ರಾ ಟೊಲೀಡೊ! ಬಾಯ್ಮುಚ್ಕೊಂಡಿರ್ಬೇಕಂತೆ! ಯಜಮಾನ್ರೇ, ಮತ್ತೆ ಫೋನ್ ಮಾಡ್ಬೇಕು ನೀವು, ಇಲ್ದಿದ್ರೆ ನಾನೇ ಮೌಮಿಗೆ ಬಂದ್ಬಿಡ್ತೀನಿ."

ಯಾರೋ ನನ್ನನ್ನು ಮತ್ತೆ ಬಾ ಎಂದದ್ದು ಎಷ್ಟು ಕಾಲವಾಯಿತು!

ಅಕ್ಟೋಬರ್ 16, ಗುರುವಾರ

ವಾಲ್ಟ್‌ಗೆ ಹೆಂಡತಿ ಬೇಕಾಯಿತು. ಡೊಲೊರೆಸ್ ಎಂದು ಹೆಸರಿಟ್ಟೆ. ತೀರಿಕೊಂಡಿದ್ದಾಳೆ, ಪಾಪ. ಕುಲುಮೆ ಕೆಲಸದಲ್ಲಿ ನನ್ನ ಮಂಡಿ ಹಾಳಾಯಿತು, ಭಾನುವಾರದ ಆಟಕ್ಕೆ ಅವಳು ಆಲೂಗಡ್ಡೆ ತುಂಬಿದ ಕಡುಬು ಬೇಯಿಸುತ್ತಿದ್ದಳು ಎಂದು ಗಸ್‌ಗೆ ಹೇಳಿದೆ. ಗಸ್ ಒಂದು ಗಳಿಗೆ ಮಾತೇ ಆಡಲಿಲ್ಲ. ಗಸ್! ಮಾತಾಡಲಿಲ್ಲ!

ರಾತ್ರಿಯೂಟಕ್ಕೆ ಖಾರದ ಮಾಂಸದ ಗೊಜ್ಜು ಸುರಿದ ಹಾಟ್‌ಡಾಗ್ ಮಾರುವ ಅಂಗಡಿಗೆ ಹೋದೆ. ಪಕ್ಕದ ಮೇಜಿನಲ್ಲಿ ಇಬ್ಬರು ಲಾರಿ ಡ್ರೈವರುಗಳು.

"ವಾಲ್ಟ್ ಹೇಳಿದ್ದು ಕೇಳಿದ್ಯಾ ಇವತ್ತು?"

"ಕೇಳ್ದೆ ಇರ್ತೀನಾ? ಕಡುಬಿನ ವಿಷ್ಯ ಬಂದಾಗ ನನ್ನ ಹೆಂಡ್ತಿ ಕಣ್ಣೀರು ಹಾಕಿದ್ಲು ಮಾರಾಯ."

ನನ್ನ ಕಿವಿ ಬಿಸಿಯಾಯಿತು. ಬಡಿಸುವವಳು ನನ್ನ ಕಡೆ ತಿರುಗಿ, "ನೀವೂ ವಾಲ್ಟ್ ಕೇಳ್ತೀರಾ ಸರ್? ಎಲ್ಲಿಂದ ಬಂದಿದೀರ, ಈ ಕಡೆಯವರಲ್ಲ ಅನ್ಸುತ್ತೆ," ಎಂದಳು. ಗೋಡೆಯ ಮೇಲೆ ಪೈಲಟ್ಸ್ ತಂಡದ ಈ ವರ್ಷದ ಫೋಟೋ. ಎರಡನೇ ಸಾಲಿನ ತುದಿಯಲ್ಲಿ ನಾನೇ ನಿಂತಿದ್ದೆ. ಅವಳು ಅದರ ಕೆಳಗೇ ನಿಂತಿದ್ದಳು.

ಹೋಟೆಲಿನ ಮೆಟ್ಟಿಲು ಹತ್ತುವಾಗ ಎಡಮಂಡಿ ಹಿಡಿದುಕೊಂಡಿತು. ಕುಲುಮೆಯ ಬಳಿ ನಿಂತೂ ನಿಂತೂ ಹಾಳಾದ ಮಂಡಿ.

ಅಕ್ಟೋಬರ್ 29, ಬುಧವಾರ

ಕಂಡಿತು! ಕಂಡಿತು ಮಹಾಜನರೇ!

ಅಭ್ಯಾಸದಲ್ಲಿ ನನ್ನ ಸರದಿ ಮುಗಿದು ಸುಮ್ಮನೆ ನಿಂತು ಜಾವೆನ್‌ನನ್ನು ನೋಡುತ್ತಿದ್ದೆ. ಚೆಂಡು ಕೈಗೆ ಬರುವ ಮುನ್ನ, ಎಸೆತದ ಆಟವಾದರೆ ಅವನ ಎಡ ಹಿಮ್ಮಡಿ ನೆಲ ಬಿಟ್ಟು ಒಂದಿಷ್ಟೇ ಮೇಲೇಳುತ್ತದೆ, ಕಾಗದ ತೂರಿಸುವಷ್ಟು. ಓಟದ ಆಟವಾದರೆ ಎರಡೂ ಪಾದ ಮಣ್ಣಿಗೆ ಅಂಟಿರುತ್ತವೆ. ಪ್ರತಿ ಸಲವೂ! ಅವನಿಗೇ ತಿಳಿಯದು. ಕೋಚ್‌ಗಳಿಗೆ ತಿಳಿಯದು. ಇಷ್ಟೂ ತಂಡಗಳ ವಿಡಿಯೋ ತಜ್ಞರಿಗೆ ತಿಳಿಯದು. ಭೂಮಂಡಲದಲ್ಲಿ ಒಬ್ಬನಿಗೆ ಗೊತ್ತು!

ಹೇಳಬೇಕೆಂದು ಬಟ್ಟೆ ಬದಲಿಸುವ ಕೋಣೆಗೆ ಹೋದೆ. ಅವನ ಏಜೆಂಟ್ ಬಂದು ಕೂತಿದ್ದ, ಇಬ್ಬರೂ ತಲೆಗೆ ತಲೆ ಹಚ್ಚಿ ಕರಾರಿನ ಮಾತಾಡುತ್ತಿದ್ದರು. ಜಾವೆನ್ ನನ್ನನ್ನು ನೋಡಿ ಕೈ ಎತ್ತಿದ, ಆಮೇಲೆ ಎಂಬಂತೆ. ನಾಳೆ ಹೇಳಿದರಾಯಿತು. ಒಂದು ದಿನ ನನ್ನೊಬ್ಬನದೇ ಆಗಿರಲಿ. ನನ್ನದೆಂದು ಹೇಳಿಕೊಳ್ಳಲು ಈ ಊರಿನಲ್ಲಿ ಬೇರೇನಿದೆ?

ನವೆಂಬರ್ 6, ಗುರುವಾರ

ಇಂದಿನ ನನ್ನ ವೇಷ ನೋಡಬೇಕಿತ್ತು ಅಪ್ಪಾ ನೀನು!

ಗಸ್ ಇಂದು ಜಾವೆನ್‌ನನ್ನು ಹುರಿದು ಮುಕ್ಕುತ್ತಿದ್ದ. ಮಾಲೀಕರ ಕಡೆಯಿಂದ ದೊಡ್ಡ ಕರಾರಿನ ಕಾಗದ ಹೊರಟಿದೆಯಂತೆ, ಭಾನುವಾರ ಲೂಯಿವಿಲ್ ವಿರುದ್ಧದ ಆಟ ಮುಗಿದ ಮೇಲೆ ಸಹಿಯಂತೆ. "ಕೊಡ್ಬೇಡಿ!" ಎಂದು ಗಸ್ ಮೇಜು ಗುದ್ದಿದ. "ಅವನು ಆಟ ಓದಲ್ಲ, ಬರೀ ಊಹೆ ಮಾಡ್ತಾನೆ! ಯಜಮಾನ್ರೇ, ಇವತ್ತು ನೀವೂ ನನ್ನ ಬಾಯ್ಮುಚ್ಸಕ್ಕಾಗಲ್ಲ!"

"ಮುಚ್ಚಿಸ್ತೀನಿ ಕೂತ್ಕೋ," ಎಂದೆ. "ಗಸ್, ನೀನು ಅವನ ತೋಳು ನೋಡ್ತೀಯ. ನಾನು ಕಾಲು ನೋಡ್ತೀನಿ. ಚೆಂಡು ಕೈಗೆ ಬರೋಕ್ ಮುಂಚೇನೇ ಅವನ ಎಡ ಹಿಮ್ಮಡಿ ಎದ್ದಿರುತ್ತೆ, ಎಸೆಯೋ ಆಟ ಆದ್ರೆ. ಓಡೋದಾದ್ರೆ ಕಾಲು ಕದಲಲ್ಲ. ಊಹೆ ಮಾಡೋನ ಮೈ ಹಂಗಿರಲ್ಲ ಕಣಯ್ಯಾ! ಅವನ ಮೈಗೆ ಮೊದಲೇ ಎಲ್ಲಾ ಗೊತ್ತಿರುತ್ತೆ. ಕುಲುಮೆ ಮುಂದೆ ಒಳ್ಳೆ ಕೆಲಸಗಾರನೂ ಹಂಗೇ ನಿಂತಿರ್ತಾನೆ."

ಗಸ್, ಮೆತ್ತಗೆ: "ಯಜಮಾನ್ರೇ, ನಾನು ಸಾವಿರ ಸಲ ನೋಡಿದೀನಿ, ನಂಗೆ ಕಾಣ್ಲಿಲ್ವಲ್ರೀ."

ಗೆದ್ದೆ! ಫೋನ್ ಲೈನುಗಳು ಉರಿದವು. ಒಬ್ಬಳು, "ವಾಲ್ಟ್‌ನ ಕೋಚ್ ಮಾಡಿ," ಎಂದಳು. ಇನ್ನೊಬ್ಬ, "ನಮ್ಮೂರಿಗೆ ಇಂಥ ಕಣ್ಣು ಇರೋದೇ ಪುಣ್ಯ," ಎಂದ. ಕಾರಿನಲ್ಲಿ ಕೂತು ಎಲ್ಲವನ್ನೂ ಕೇಳಿದೆ. ಬರುವಾಗ ಅಂಗಡಿಯಲ್ಲಿ ಆಲೂಗಡ್ಡೆ ಕಡುಬಿನ ಡಬ್ಬಿ ಕೊಂಡೆ. ಡೊಲೊರೆಸ್ ಮಾಡುತ್ತಿದ್ದ ಹಾಗೆ ಇರಲಿಲ್ಲ.

ನವೆಂಬರ್ 9, ಭಾನುವಾರ

ಚೆಂಡು ಮೊದಲ ಸಲ ಜಾವೆನ್ ಕೈಗೆ ಬರುವ ಮುನ್ನವೇ ಲೂಯಿವಿಲ್‌ನ ಕಾವಲುಗಾರ ನೆಲಕ್ಕೆ ಬೆರಳು ತೋರಿಸಿ ಕೂಗಿದ: "ಹಿಮ್ಮಡಿ! ಹಿಮ್ಮಡಿ ಎದ್ದಿದೆ!" ಎಲ್ಲರೂ ಹಿಂದಕ್ಕೆ ಓಡಿದರು. ಎಸೆತ ಅವರ ಕೈಗೆ ಹೋಯಿತು.

ಎದುರು ತಂಡದವರು ಊರೂರಿನ ರೇಡಿಯೋ ಕೇಳುತ್ತಾರೆ. ಅದಕ್ಕೆಂದೇ ಸಂಬಳ ಕೊಟ್ಟು ಜನ ಇಟ್ಟಿರುತ್ತಾರೆ. ಈ ಕಸುಬಿನಲ್ಲಿ ಹನ್ನೆರಡು ವರ್ಷ ಇದ್ದವನಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿತ್ತು. ವಾಲ್ಟ್‌ಗೆ ಗೊತ್ತಿರಲಿಲ್ಲ.

ಆಟದುದ್ದಕ್ಕೂ ಅದೇ ಕೂಗು. ಜಾವೆನ್‌ನನ್ನು ಕೆಡವಿದರು, ಎದ್ದ, ಕೆಡವಿದರು. ಕೋಚ್ ನನ್ನ ಕಡೆ ತಿರುಗಿ, "ಡೊಲನ್, ಹೆಲ್ಮೆಟ್ ಹಾಕ್ಕೋ," ಎಂದರು. ಹಾಕಿಕೊಂಡೆ. ಇದಕ್ಕಾಗಿ ಎಷ್ಟು ವರ್ಷ ಕಾದಿದ್ದೆ. ಜಾವೆನ್ ಬಾಯಿ ತುಂಬ ರಕ್ತ ಇಟ್ಟುಕೊಂಡು, "ನಾನೇ ಆಡ್ತೀನಿ ಕೋಚ್," ಎಂದು ಮತ್ತೆ ಒಳಗೆ ಹೋದ.

ಹೆಲ್ಮೆಟ್ ತೆಗೆಯಲು ನೆನಪಾಗಲಿಲ್ಲ. ಒಳಗೆ ಯಾರಿಗೂ ಮುಖ ಕಾಣುತ್ತಿರಲಿಲ್ಲ, ಒಳ್ಳೆಯದಾಯಿತು.

ನವೆಂಬರ್ 10, ಸೋಮವಾರ

ಮಾಲೀಕರು ಕರಾರು ವಾಪಸ್ ತೆಗೆದುಕೊಂಡರು.

ರೇಡಿಯೋದಲ್ಲಿ ಗಸ್: "ವಾಲ್ಟ್ ಹೇಳಿದ್ದ ಕಾಲು! ನೋಡಿದ್ರಾ, ಆ ಮುದುಕ ಎಂಥ ಜಾಣ!"

ಇಂದು ನಾನು ಫೋನ್ ಮಾಡಲಿಲ್ಲ.

ನವೆಂಬರ್ 12, ಬುಧವಾರ

ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಜಾವೆನ್‌ನನ್ನು ಒಳಾಂಗಣದ ಮೈದಾನಕ್ಕೆ ಕರೆದೆ. "ನಿಲ್ಲು ಇಲ್ಲಿ. ನೋಡು," ಎಂದು ಅವನಾದೆ. ಅವನ ಕುತ್ತಿಗೆ, ಅವನ ಬೆರಳು ಕೊಡವುವ ರೀತಿ, ಅವನ ಕೂಗು. ಆಮೇಲೆ ಎಡ ಹಿಮ್ಮಡಿ.

ಅವನು ನನ್ನ ಪಾದವನ್ನೇ ನೋಡಿದ. ಬಹಳ ಹೊತ್ತು ನೋಡಿದ.

"ಥೂ," ಎಂದ. "ಇಷ್ಟೇನಾ? ಇಷ್ಟಕ್ಕೇನಾ ನಾನು ಒದೆ ತಿಂದಿದ್ದು?"

"ಇಷ್ಟೇ."

"ಸರಿ ಮಾಡ್ಕೋಬಹುದು ಇದನ್ನ. ಒಂದೇ ವಾರದಲ್ಲಿ ಸರಿ ಮಾಡ್ಕೋತೀನಿ." ಅವನಿಗೆ ನಗು ಬಂತು. ತುಟಿಯ ಹೊಲಿಗೆ ಎಳೆದು, "ಅಯ್ಯೋ" ಎಂದ. ಆಮೇಲೆ, "ಯಾವಾಗ ಕಂಡ್ತು ನಿಂಗೆ? ಭಾನುವಾರಾನಾ?"

ಹೌದು ಅನ್ನಬಹುದಿತ್ತು. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

"ಅಕ್ಟೋಬರ್‌ನಲ್ಲಿ," ಎಂದೆ.

"ಅಕ್ಟೋಬರ್‌ನಲ್ಲಾ? ಮತ್ತೆ ನಂಗ್ಯಾಕೆ ಹೇಳ್ಲಿಲ್ಲ? ಆ ಮೌಮಿ ಮುದುಕನಿಗಿಂತ ಮುಂಚೆ ನಿಂಗೆ ಗೊತ್ತಿತ್ತು, ಹೇಳ್ಲಿಲ್ವಾ?"

ನನ್ನ ಬಾಯಿಂದ ಹೊರಟದ್ದು ವಾಲ್ಟ್‌ನ ದನಿ, ಕೆಮ್ಮು ಸಮೇತ: "ಕೋಪ ಮಾಡ್ಕೋಬೇಡಪ್ಪಾ. ನಿನ್ನ ಹೊಗಳೋಕ್ ಹೋಗಿ ಹಂಗಾಯ್ತು."

ಜಾವೆನ್ ಎರಡು ಹೆಜ್ಜೆ ಹಿಂದೆ ಸರಿದ. ಹೊಡೆಯುತ್ತಾನೆಂದುಕೊಂಡೆ. ಹೊಡೆಯಲಿಲ್ಲ.

"ನನ್ನ ಅಜ್ಜಿ ಆ ಮುದುಕನ ಮಂಡಿಗೋಸ್ಕರ ಪ್ರಾರ್ಥನೆ ಮಾಡ್ತಾಳೆ," ಎಂದ. "ಪ್ರತಿ ಭಾನುವಾರ ಚರ್ಚಲ್ಲಿ. ಅವನ ಹೆಂಡ್ತಿ ಹೆಸರು ಹೇಳಿ ಮೇಣದಬತ್ತಿ ಹಚ್ತಾಳೆ. ಅವ್ಳು ಇದ್ಲಾ?"

"ಇಲ್ಲ."

ಟವೆಲ್ ತೆಗೆದುಕೊಂಡು ಹೊರಟುಹೋದ. ದೊಡ್ಡ ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು.

ನವೆಂಬರ್ 18, ಮಂಗಳವಾರ

ಯಾರೂ ಭುಜ ಮುಟ್ಟಲಿಲ್ಲ. ಜಾವೆನ್ ಆಫೀಸಿಗೆ ಹೇಳಿಲ್ಲ ಎಂದಾಯಿತು. ನನಗೂ ಏನೂ ಹೇಳುವುದಿಲ್ಲ. ಅಭ್ಯಾಸದಲ್ಲಿ "ಚೆಂಡು" ಎನ್ನುತ್ತಾನೆ, ಕೊಡುತ್ತೇನೆ.

ನವೆಂಬರ್ 27, ಗುರುವಾರ

ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಮನೆಮಂದಿಯೆಲ್ಲ ಕೂಡಿ ಉಣ್ಣುವ ದಿನ. ಆಟಗಾರರು ಒಬ್ಬರ ಮನೆಗೊಬ್ಬರು ಹೋದರು. ಹೋಟೆಲಿನ ಕೆಳಗೆ ಕಾಗದದ ತಟ್ಟೆಯಲ್ಲಿ ಟರ್ಕಿ ಕೋಳಿ ಇಟ್ಟಿದ್ದರು. ಉಂಡೆ.

ಗಸ್ ಹಬ್ಬದ ದಿನವೂ ಕಾರ್ಯಕ್ರಮ ಬಿಡಲಿಲ್ಲ. "ವಾಲ್ಟ್, ಎಲ್ಲಿದೀರಾ? ಹಬ್ಬಕ್ಕಾದ್ರೂ ಒಂದು ಫೋನ್ ಮಾಡಿ. ಒಬ್ರೇ ಇದ್ರೆ ನಮ್ಮನೆಗೆ ಬನ್ನಿ. ಸುಮ್ನೆ ಹೇಳ್ತಿಲ್ಲ, ನನ್ನ ಹೆಂಡ್ತಿ ಒಂದು ಕುರ್ಚಿ ಜಾಸ್ತಿ ಹಾಕಿದಾಳೆ."

ಫೋನ್ ಕೈಯಲ್ಲೇ ಇತ್ತು. ಕೆಳಗಿಟ್ಟೆ.

ಡಿಸೆಂಬರ್ 7, ಭಾನುವಾರ

ಜಾವೆನ್ ಹಿಮ್ಮಡಿ ಸರಿ ಮಾಡಿಕೊಂಡಿದ್ದಾನೆ ಎಂದುಕೊಂಡಿದ್ದೆ. ಇಲ್ಲ. ಅದಕ್ಕಿಂತ ದೊಡ್ಡದನ್ನು ಮಾಡಿದ್ದಾನೆ.

ಕಡೆಯ ಗಳಿಗೆ, ಸೋಲುವ ಅಂಚು. ಎಡ ಹಿಮ್ಮಡಿ ಎದ್ದಿತು. ಎದುರಿನವರು, "ಹಿಮ್ಮಡಿ!" ಎಂದು ಕೂಗಿ ಎಸೆತ ಹಿಡಿಯಲು ಹಿಂದಕ್ಕೆ ಓಡಿದರು. ಜಾವೆನ್ ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ತಾನೇ ಓಡಿದ. ಎದುರಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಗೆದ್ದೆವು. ಇನ್ನು ಕೆಲವು ಸಲ ಹಿಮ್ಮಡಿ ನಿಜವಾಗಿಯೇ ಎದ್ದಿತು, ನಿಜವಾಗಿಯೇ ಎಸೆದ. ಯಾವುದು ಯಾವಾಗ ಎಂದು ಯಾರಿಗೂ ತಿಳಿಯಲಿಲ್ಲ.

ಸುಳ್ಳು ಹಿಮ್ಮಡಿಗೂ ನಿಜವಾದದ್ದಕ್ಕೂ ಒಂದು ವ್ಯತ್ಯಾಸವಿದೆ. ನೋಡಿದೆ. ಇಲ್ಲಿ ಬರೆಯುವುದಿಲ್ಲ.

ಎಲ್ಲರೂ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ನಾನು ಚೆಂಡುಗಳನ್ನು ಚೀಲಕ್ಕೆ ತುಂಬಿದೆ.

ಡಿಸೆಂಬರ್ 23, ಮಂಗಳವಾರ

ಬೆಳಿಗ್ಗೆ ಜಾವೆನ್ ಹೊಸ ಕರಾರಿಗೆ ಸಹಿ ಹಾಕಿದ. ಐದು ವರ್ಷ. ಕ್ಯಾಮೆರಾಗಳ ಮುಂದೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಅವಳು ತಂಡದ ಟೋಪಿ ಹಾಕಿಕೊಂಡು ಅಳುತ್ತಿದ್ದಳು. ಒಬ್ಬನಿಗೆ ಅಷ್ಟು ಕೊಟ್ಟ ಮೇಲೆ ಉಳಿದ ಕಡೆ ಕೈ ಬಿಗಿ ಹಿಡಿಯಲೇಬೇಕು. ನನ್ನ ಜಾಗಕ್ಕೆ ಕಾಲೇಜಿನಿಂದ ಬಂದ ಅಗ್ಗದ ಹುಡುಗ ಸಾಕು.

ಮಧ್ಯಾಹ್ನ ಆಫೀಸಿನ ಹುಡುಗ ಬಂದು ಭುಜ ಮುಟ್ಟಿದ. "ಕೋಚ್ ಕರೀತಿದಾರೆ."

"ಟ್ಯಾಬ್ಲೆಟ್ ಇಲ್ಲೇ ಇದೆ," ಎಂದೆ.

ಕೋಚ್ ಒಳ್ಳೆಯ ಮಾತೇ ಆಡಿದರು. "ನಿನ್ನಂಥ ನಕಲುಗಾರ ಇನ್ನೆಲ್ಲೂ ಇಲ್ಲ ಡೊಲನ್. ಯಾರಾದ್ರೂ ಕರೀತಾರೆ ನೋಡ್ತಿರು."

ಕಾರಿಗೆ ಚೀಲ ತುಂಬುತ್ತಿದ್ದಾಗ ಜಾವೆನ್ ಬಂದ. ಇಷ್ಟು ದಿನಗಳಲ್ಲಿ ಮೊದಲ ಸಲ. ಹಿಮ ಬೀಳುತ್ತಿತ್ತು, ಅವನು ಕೋಟು ಹಾಕಿಕೊಂಡಿರಲಿಲ್ಲ.

"ಅಜ್ಜಿ ಕೇಳ್ತಿದ್ಲು. ವಾಲ್ಟ್ ಯಾಕೆ ಫೋನ್ ಮಾಡ್ತಿಲ್ಲ ಅಂತ."

"ಏನಂದೆ?"

"ಹುಷಾರಿಲ್ಲ ಅಂದೆ." ಕಾಲಿನಿಂದ ಹಿಮ ಸರಿಸಿದ. "ಬೇರೆ ಏನನ್ಲಿ?"

ಏನೋ ಹೇಳಬೇಕೆನಿಸಿತು. ಯಾವ ದನಿಯಲ್ಲಿ ಹೇಳುವುದೋ ತಿಳಿಯಲಿಲ್ಲ. ಅವನು ಕಾರಿನ ಮೇಲ್ಚಾವಣಿಯನ್ನು ಅಂಗೈಯಿಂದ ಒಮ್ಮೆ ತಟ್ಟಿ ಒಳಗೆ ಹೋದ.

ಡಿಸೆಂಬರ್ 30, ಮಂಗಳವಾರ

ಹೋಟೆಲ್ ಬಿಟ್ಟಿಲ್ಲ. ಹೋಗಲು ಜಾಗ ಯೋಚಿಸಬೇಕು.

ರೇಡಿಯೋದಲ್ಲಿ ಒಬ್ಬ ಹೆಂಗಸು, ವಾಲ್ಟ್ ತೀರಿಹೋದರು ಎಂದಳು. ತನ್ನ ಭಾವನ ಪಕ್ಕದ ಮನೆಯವರಂತೆ. ಡಿಸೆಂಬರ್ ಮೊದಲ ವಾರ ನಿದ್ದೆಯಲ್ಲೇ ಹೋದರಂತೆ. ಗಸ್ ಜಾಹೀರಾತಿಗೆ ಬಿಟ್ಟು ವಾಪಸ್ ಬಂದಾಗ ಮೂಗು ಕಟ್ಟಿತ್ತು. "ನಮ್ಮ ಯಜಮಾನ್ರು," ಎಂದ. ಆಮೇಲೆ ಒಬ್ಬರಾದ ಮೇಲೊಬ್ಬರು ಫೋನ್ ಮಾಡಿದರು. ಒಬ್ಬ ಗಾಜಿನ ಕಾರ್ಖಾನೆಯಲ್ಲಿ ವಾಲ್ಟ್ ಜೊತೆ ಕೆಲಸ ಮಾಡಿದ್ದೆ ಎಂದ. ಕುಲುಮೆಯ ಮುಂದೆ ವಾಲ್ಟ್ ಹಾಡು ಹೇಳುತ್ತಿದ್ದನಂತೆ. ಅವನು ಸುಳ್ಳು ಹೇಳುತ್ತಿದ್ದಾನೆ ಎನಿಸಲಿಲ್ಲ. ಅವನಿಗೆ ಹಾಗೆ ನೆನಪಿದೆ, ಅಷ್ಟೆ.

ಏಳು ಗಂಟೆಯವರೆಗೂ ಕೇಳಿದೆ. ಮಂಡಿ ನೋವಿಲ್ಲ.

ಜನವರಿ 6, ಮಂಗಳವಾರ

ಹತ್ತು ಗಂಟೆಗೆ ಫೋನ್ ಬಂತು. ಒಮಾಹಾ ತಂಡದ ಸಹಾಯಕ ಕೋಚ್, ವೆಂಡೆಲ್ ಎಂದು ಹೆಸರು. ಶನಿವಾರ ಪ್ಲೇಆಫ್‌ನಲ್ಲಿ ಒಮಾಹಾಗೆ ಟೊಲೀಡೊ ಎದುರಾಳಿ. ಸೋತವರು ಮನೆಗೆ.

"ಡೊಲನ್, ಕೆಲಸ ಇದೆಯೇನಯ್ಯಾ ನಿಂಗೆ?"

"ಇಲ್ಲ ಕೋಚ್."

"ಇದೆ. ಈಗಿನಿಂದ ಇದೆ. ಮಧ್ಯಾಹ್ನದ ವಿಮಾನ ಹತ್ತು. ಬುಧವಾರದಿಂದ ಶುಕ್ರವಾರ ನಮ್ಮ ಹುಡುಗರಿಗೆ ಪ್ರಿಡ್‌ಮೋರ್ ಆಗು. ಆ ಹಿಮ್ಮಡಿ ಯಾವಾಗ ನಿಜ, ಯಾವಾಗ ಸುಳ್ಳು, ಅದೊಂದು ತೋರ್ಸು. ಚೆನ್ನಾಗಾದ್ರೆ ಮುಂದಿನ ವರ್ಷಕ್ಕೂ ಕರಾರು. ನಾನೇ ಮಾತಾಡಿದೀನಿ ಮೇಲಿನವರ ಹತ್ರ."

ಇದು ಎಲ್ಲರೂ ಮಾಡುವುದೇ. ಕೈಬಿಟ್ಟ ಆಟಗಾರನನ್ನು ಎದುರು ತಂಡ ಒಂದು ವಾರಕ್ಕೆ ಕರೆದು ಕೂರಿಸಿಕೊಳ್ಳುತ್ತದೆ. ಯಾರೂ ತಪ್ಪೆನ್ನುವುದಿಲ್ಲ. ಜಾವೆನ್ ಕೂಡ ಅನ್ನಲಾರ.

"ಅವನನ್ನ ಮಾಡಕ್ಕೆ ನಂಗೆ ಬರಲ್ಲ ಕೋಚ್," ಎಂದೆ.

"ಏನು ತಮಾಷೆ ಮಾಡ್ತೀಯಾ? ಯಾರನ್ನ ಬೇಕಾದ್ರೂ ಮಾಡ್ತಾನೆ ಡೊಲನ್ ಅಂತ ಊರೆಲ್ಲಾ ಹೇಳುತ್ತೆ."

"ಇವನು ಬರಲ್ಲ."

"ಇಡೀ ಸೀಸನ್ ಪಕ್ಕದಲ್ಲೇ ನಿಂತಿದ್ಯಲ್ಲೋ. ಏನೂ ನೋಡ್ಲಿಲ್ವಾ?"

"ನೋಡಿದ್ದೆ. ಕಾಣ್ಲಿಲ್ಲ."

ವೆಂಡೆಲ್ ಕೆಟ್ಟ ಮನುಷ್ಯನಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂಬ ಹಾಗೆ ಕೇಳಿದ: "ಎಸೆಯಕ್ಕೆ ನಿನ್ನ ಯಾರೂ ಕರೆಯಲ್ಲ ಡೊಲನ್. ಇದೂ ಬರಲ್ಲ ಅಂದ್ರೆ, ನಿನ್ನನ್ನ ಯಾತಕ್ಕೆ ಕರೀಲಿ ಹೇಳು?"

"ಗೊತ್ತಿಲ್ಲ ಕೋಚ್."

ಫೋನ್ ಇಟ್ಟ. ಈ ಮಾತು ಸಂಜೆಯೊಳಗೆ ಎಲ್ಲ ತಂಡಗಳಿಗೂ ಮುಟ್ಟುತ್ತದೆ. ಡೊಲನ್‌ಗೆ ಕಣ್ಣು ಹೋಯಿತು ಎನ್ನುತ್ತಾರೆ. ಇನ್ನು ಯಾರೂ ಕರೆಯುವುದಿಲ್ಲ.

ಜಾವೆನ್‌ಗೆ ಹೇಳೋಣ ಎನಿಸಿತು. ಅವನ ನಂಬರ್ ತೆಗೆದೆ. ಹೇಳಿದರೆ ಅವನು ಏನಾದರೂ ಅನ್ನಲೇಬೇಕಾಗುತ್ತದೆ. ಅವನಿಗೆ ಶನಿವಾರದ ಆಟವಿದೆ. ಬೇಡ ಎಂದು ಬಿಟ್ಟೆ.

ಕೆಳಗೆ ಹೋಗಿ ಕೋಣೆಯ ಬಾಡಿಗೆ ಕಟ್ಟಿದೆ. "ಇನ್ನೂ ಎಷ್ಟು ದಿನ ಇರ್ತೀರಾ ಸರ್?" ಎಂದಳು ಕೌಂಟರಿನವಳು.

"ಶನಿವಾರದ ಆಟ ಮುಗಿಯೋವರೆಗೂ."

"ಯಾರ ಕಡೆ ನೀವು?"

"ನಮ್ಮೂರ ಕಡೆ," ಎಂದೆ.